ಹತ್ತು ಗಜದ ಸರಪಳಿ

ವಾರವಿಡೀ ಗೋಧಿ ತೂಗುತ್ತೇನೆ, ರೈಲು ಹಳಿಯ ಪಕ್ಕದ ಕಣಜದಲ್ಲಿ.
ಶನಿವಾರ ನೆಲ ಅಳೆಯುತ್ತೇನೆ.
ಒಂದು ತುದಿ ನನ್ನದು, ಇನ್ನೊಂದು ಅಂಚೆಯ ಲೀಲಂಡನದು,
ನಡುವೆ ಹತ್ತು ಗಜ ಸರಪಳಿ.
ನಾಲ್ಕು ಯತ್ನದಲ್ಲಿ ಇಷ್ಟು ನೆಲ ಗೆದ್ದರೆ ಚೆಂಡು ನಿಮ್ಮದೇ,
ಇಲ್ಲವೋ, ಕೊಟ್ಟು ಕೈತೊಳೆದುಕೊಳ್ಳಿ.
ಫುಟ್‌ಬಾಲ್ ಅಂದರೆ ನಮ್ಮಲ್ಲಿ ಇಷ್ಟೆ.
ಉಳಿದದ್ದು ಬ್ಯಾಂಡು, ಬಿಸಿ ಚಾಕೊಲೇಟು.

ಡೆಲ್ಬರ್ಟ್ ಓಸ್ಟ್ರೆಮ್ ಬಂದದ್ದು ಎಪ್ಪತ್ತೆಂಟರಲ್ಲಿ.
ಪಕ್ಕದಲ್ಲಿ ಹೆಂಡತಿ ಆರ್ಲಿಸ್, ಹಿಂದಿನ ಸೀಟಿನ ತುಂಬ ಹೆಲ್ಮೆಟ್ಟು.
ನಾರ್ತ್ ಡಕೋಟಾದ ಈ ಬಯಲಲ್ಲಿ
ಗಾಳಿಗೆ ಅಡ್ಡ ನಿಲ್ಲಲು ಒಂದು ಮರವೂ ಇಲ್ಲ,
ಎರಡು ವರ್ಷ ಇದ್ದು ದೊಡ್ಡ ಕಾಲೇಜಿಗೆ ಹಾರುತ್ತಾನೆ ಎಂದರು.
ಮೂವತ್ತೊಂದು ವರ್ಷ ಇದ್ದ.

ಬಾಗಿಲ ಮೇಲೆ ಹಿತ್ತಾಳೆಯಲ್ಲಿ: ಮುಖ್ಯ ತರಬೇತುದಾರ.
ಬಾಗಿಲೊಳಗೆ ಬಟ್ಟೆ ಒಗೆಯುವ ಎರಡು ಯಂತ್ರ.
ಐವತ್ತೆಂಟು ಜೆರ್ಸಿಯ ಕೆಸರು ಅವನೇ ತಿಕ್ಕುತ್ತಿದ್ದ,
ಸುಣ್ಣದ ಗಾಡಿ ತಳ್ಳಿ ಗೆರೆ ಎಳೆಯುತ್ತಿದ್ದ,
ಡ್ರೈವರ್ ಕುಡಿದು ಬಂದ ದಿನ ಬಸ್ಸೂ ಅವನದೇ.
ಮಂಗಳವಾರ, ಗುರುವಾರ ಪ್ರಥಮ ಚಿಕಿತ್ಸೆಯ ಪಾಠ.
ಸಂಬಳ ಕೇಳಬೇಡಿ.

ಒಮ್ಮೆ ಮೊಂಟಾನಾದಿಂದ ಕರೆ ಬಂತು, ಇಮ್ಮಡಿ ಸಂಬಳ.
ಟ್ಯಾಂಕು ತುಂಬಿಸಿದ, ಟೈರಿಗೆ ಗಾಳಿ ಹಾಕಿಸಿದ.
ಸೋಮವಾರ ನೋಡಿದರೆ ಮೈದಾನದಲ್ಲಿ ಮೊಣಕಾಲೂರಿ
ಹೆಗ್ಗಣಗಳನ್ನು ಬೈಯುತ್ತ ಬಿಲ ಮುಚ್ಚುತ್ತಿದ್ದಾನೆ.
ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲೂ ಇದ್ದಾರೆ.
ತೊಂಬತ್ತಮೂರರಲ್ಲಿ ಒಂಬತ್ತಕ್ಕೆ ಎಂಟು ಗೆದ್ದಾಗ
ಕಾಲೇಜಿನ ಅಧ್ಯಕ್ಷರು ಅವನ ಟೋಪಿಯನ್ನೇ ಹಾಕಿಕೊಂಡು
ಫೋಟೋ ತೆಗೆಸಿಕೊಂಡರು.
ತೊಂಬತ್ತಾರರಲ್ಲಿ ಒಂದೂ ಇಲ್ಲ.
ಆ ವರ್ಷ ಅವನು ಬೇಕರಿಯೊಳಗೆ ಕಾಲಿಟ್ಟರೆ ಸಾಕು,
ಹವಾಮಾನದ ಮಾತು ಜೋರಾಗುತ್ತಿತ್ತು.

ಅದೇ ವರ್ಷವೇ ಇರಬೇಕು, ಎಮರಿ ವೆಟ್ಜೆಲ್ ಎಂಬ ಹುಡುಗನ ಅಪ್ಪ
ಯಂತ್ರಕ್ಕೆ ಕೈ ಕೊಟ್ಟು ಆಸ್ಪತ್ರೆ ಸೇರಿದ್ದ;
ಸಕ್ಕರೆ ಗೆಡ್ಡೆ ನೆಲದಲ್ಲಿ, ಹಿಮ ಹೊಸ್ತಿಲಲ್ಲಿ.
ಓಸ್ಟ್ರೆಮ್ ಅಭ್ಯಾಸ ನಿಲ್ಲಿಸಿ, ಇಡೀ ತಂಡವನ್ನು ಬಸ್ಸಿಗೆ ತುಂಬಿ
ಎರಡು ಹಗಲು ಎರಡು ರಾತ್ರಿ ಗೆಡ್ಡೆ ಕೀಳಿಸಿದ.
ಶನಿವಾರ ನಲವತ್ತೊಂದು, ಸೊನ್ನೆ.
ಸೊನ್ನೆ ನಮ್ಮದು.

ಕೊನೆಯ ಪಂದ್ಯಕ್ಕೆ ಹಿಮ ಬಿದ್ದಿತ್ತು.
ನೂರೈವತ್ತಕ್ಕೆ ಒಂದು ಗೆಲುವು ಬಾಕಿ,
ನಾಲ್ಕನೇ ಯತ್ನ, ಹುಡುಗರ ರಾಶಿಯ ಅಡಿಯಲ್ಲಿ ಎಲ್ಲೋ ಚೆಂಡು.
ನಾನೂ ಲೀಲಂಡನೂ ಓಡಿದೆವು, ಸರಪಳಿ ಬಿಗಿ ಹಿಡಿದೆವು.
ಒಂದು ಬೆರಳು ಕಡಿಮೆ.
ಬೆರಳನ್ನು ಇಟ್ಟು ತೋರಿಸಿದವನು ನಾನೇ.
ಓಸ್ಟ್ರೆಮ್ ಬಗ್ಗಿ ನೋಡಿ, ಹೂಂ ಎಂದು ಎದ್ದ.

ವಸಂತಕ್ಕೆ ಹೊಸ ತರಬೇತುದಾರ, ಹೊಸ ಸರಪಳಿ.
ಹಳೆಯದನ್ನು ಕೇಳಿ ತಂದು ಕಣಜದ ನೆಲದ ಮೇಲೆ ಹಾಸಿದೆ,
ಅಳತೆಪಟ್ಟಿ ಇಟ್ಟೆ. ತೆಗೆದು ಮತ್ತೆ ಇಟ್ಟೆ.
ಒಂದು ಗೇಣು ಗಿಡ್ಡ.

ನೇರ ಅವನ ಮನೆಗೆ ಹೋದೆ. ಟೊಮೆಟೊ ಪಾತಿಯಲ್ಲಿದ್ದ.
‘ಎಂಬತ್ನಾಲ್ಕರ ಚಳಿಗೆ ತುಂಡಾಯ್ತು, ಹೊಸದಕ್ಕೆ ದುಡ್ಡೆಲ್ಲಿತ್ತು?
ಮೂರು ಕೊಂಡಿ ಬಿಸಾಕಿ ಬೆಸುಗೆ ಹಾಕಿದೆ.
ಎರಡೂ ಕಡೆಗೆ ಅದೇ ಸರಪಳಿ ತಾನೆ?’
‘ಕೊನೆಯ ದಿನವೂ ಗೊತ್ತಿತ್ತಾ?’
‘ಗೊತ್ತಿಲ್ಲದೆ?’
ಗಿಡ್ಡ ಸರಪಳಿಗೂ ಒಂದು ಬೆರಳು ಕಡಿಮೆಯಾದದ್ದಕ್ಕೆ
ಮೊದಲು ನಕ್ಕವನು ಅವನು.
ಆರ್ಲಿಸ್ ಕಿಟಕಿಯಿಂದ, ಏನಾಯಿತು ಎಂದಳು.
ಏನಿಲ್ಲ ಎಂದೆವು.

ನನಗೆ ನಾಲ್ಕು ರಾತ್ರಿ ನಿದ್ದೆ ಹತ್ತಲಿಲ್ಲ.
ಇಪ್ಪತ್ತನಾಲ್ಕು ವರ್ಷದ ಗೇಣುಗಳನ್ನು ಕೂಡಿಸುತ್ತ ಹೋದರೆ
ಊರಾಚೆಯ ಹಳಿ ದಾಟಿ ಎಲ್ಲಿಗೋ ಹೋಗುತ್ತದೆ ಲೆಕ್ಕ.
ಈಗ ಅದು ಕಣಜದ ಮೊಳೆಗೆ ನೇತಾಡುತ್ತಿದೆ, ಎಣ್ಣೆ ಹಚ್ಚಿದ್ದೇನೆ.
ವರ್ಷಕ್ಕೊಮ್ಮೆ ಸರಕಾರದವನು ಬರುತ್ತಾನೆ,
ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಾನೆ.
ಗೋಡೆಯ ಕಡೆ ನೋಡುತ್ತಾನೆ,
ಕೇಳುವುದಿಲ್ಲ.