ಏಳು ದಿನಕ್ಕೊಂದು ಎಲೆ

ಬೂದಿ ರೋಗ, ತುಕ್ಕು ರೋಗ, ಕಾಡಿಗೆ, ಅಂಗಮಾರಿ...
ಹೆಸರಿಟ್ಟವರು ಒಲೆಯ ಮುಂದೆ, ಕನ್ನಡಿಯ ಮುಂದೆ,
ಊರಮ್ಮನ ಗುಡಿಯ ಮುಂದೆ ಕೂತವರೇ ಇರಬೇಕು.
ನನ್ನ ಪಾಲಿಗೆ ಬಂದದ್ದು ಬೂಜು ತುಪ್ಪಟ:
ದ್ರಾಕ್ಷಿ ಎಲೆಯ ಹೊಟ್ಟೆಯಡಿ
ಮೊಲದ ಮರಿಯ ಮೈಯಂಥ ಬಿಳುಪು.

ಉಳಿದವರ ಶಿಲೀಂಧ್ರಗಳು ಸಾಧು ಪ್ರಾಣಿಗಳು.
ಆಲೂಗಡ್ಡೆ ಗಂಜಿ, ಸಕ್ಕರೆ, ಅಗರ್ ಕೊಟ್ಟರೆ ಸಾಕು,
ಗಾಜಿನ ತಟ್ಟೆಯಲ್ಲಿ ಉಂಡು
ಫ್ರಿಜ್ಜಿನಲ್ಲಿ ಆರು ತಿಂಗಳು ಮಲಗುತ್ತವೆ.
ಇದಕ್ಕೆ ಮಾತ್ರ ಜೀವವಿದ್ದ ಎಲೆಯೇ ಬೇಕು.
ಏಳು ದಿನಕ್ಕೊಂದು,
ಎಳೆಯದು, ತೊಳೆದದ್ದು, ಒಂದು ಚುಕ್ಕೆಯೂ ಇಲ್ಲದ್ದು.
ಇಕ್ಕಳದಲ್ಲಿ ಹಿಡಿದು ಅಂಗಾತ ಮಲಗಿಸಿ
ಹನಿಹನಿಯಾಗಿ ರೋಗ ಕುಡಿಸುತ್ತೇನೆ.
ಮೊದಲ ಸಲ ಕೈ ನಡುಗಿತ್ತು.
ಯಾವತ್ತಿನಿಂದ ನಡುಗುವುದು ನಿಂತಿತೋ
ನೋಟ್‌ಬುಕ್ಕಿನಲ್ಲಿ ಬರೆದಿಲ್ಲ.

"ಹಬ್ಬಕ್ಕ ಬರಂಗಿಲ್ಲೇನು?" ವಿಜಯಪುರದಿಂದ ಅವ್ವ.
"ರೋಗಕ್ಕ ಉಣ್ಣಾಕ ಹಾಕೋರು ಯಾರೂ ಇಲ್ಲಬೇ."
"ಬ್ಯಾನಿ ಕಳಿಯೋದು ಕಲಿ ಅಂತ ಕಳಿಸಿದ್ರ..."
ಅವ್ವ ಮಾತು ಮುಗಿಸಲಿಲ್ಲ.

ವಿಸರ್ಜನೆಯ ರಾತ್ರಿ ಮುಠಾ ನದಿಯ ಕಡೆಯ ಢೋಲು
ಲ್ಯಾಬಿನ ಗಾಜಿಗೂ ಬಡಿಯಿತು. ಕರೆಂಟು ಹೋಯಿತು.
ಬೆಳಗ್ಗೆ ಪೆಟ್ಟಿಗೆಯೊಳಗೆ ಮೂವತ್ತೆಂಟು ಡಿಗ್ರಿ,
ಕಂದಿದ ಹದಿನಾಲ್ಕು ಎಲೆ,
ನೂರಾ ಎರಡು ತಲೆಮಾರಿನ ವಂಶ ನಿರ್ನಾಮ.
ದಿಘೆ ಮೇಡಂ ಕನ್ನಡಕ ಒರೆಸಿಕೊಂಡು,
"ಹೋಗು, ಹುಡುಕಿ ತಾ."

ನಾರಾಯಣಗಾಂವ್.
ಮೈಲುತುತ್ತದ ನೀಲಿ ಮೆತ್ತಿದ ತೋಟ.
ಸಾಲು ಸಾಲು ಮಗುಚಿದೆ. ಸ್ವಚ್ಛ.
"ನನ್ನ ಬಾಗಿನಲ್ಲಿ ರೋಗವೇ?" ಎದೆಯುಬ್ಬಿಸಿದರು ತಾತ್ಯಾಬಾ ಔಟಿ.
ಶಹಬ್ಬಾಸ್ ಎನ್ನಬೇಕಾದ ಹುಡುಗಿಯ ಮುಖ ಬಾಡಿದ್ದು
ಅವರಿಗೆ ಇವತ್ತಿಗೂ ಅರ್ಥವಾಗಿರಲಿಕ್ಕಿಲ್ಲ.

ಚಹದ ಲೋಟ ಒಯ್ಯಲು ಬಂದ ಹೌಸಾಬಾಯಿ
ಕಣ್ಣಲ್ಲೇ ಕರೆದರು.
ಬಚ್ಚಲ ಹಿಂದೆ, ಪಾತ್ರೆ ತೊಳೆದ ನೀರು ಕುಡಿದು
ಸೀರೆ ಒಣಹಾಕುವ ತಂತಿಗೆ ಹಬ್ಬಿದ ಒಂದೇ ಬಳ್ಳಿ.
"ಇದು ನಂದು. ಅವರ ಔಷಧಿ ಇದಕ್ಕಿಲ್ಲ"
ಎಂದು ಎಲೆ ಮಗುಚಿದರು.
ಮೊಲದ ಮರಿ.

ಔಷಧಿ ಹೊಡೆಸಿ ಎನ್ನಬೇಕಾದವಳು
ಬೇಕಾದರೆ ಇನ್ನೊಮ್ಮೆ ಬರಲೇ ಎಂದೆ.

ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಐಸಿನ ಡಬ್ಬಿ ತೊಡೆಯ ಮೇಲೆ.
ಎಸ್‌ಟಿ ಬಸ್ಸಿನ ಪಕ್ಕದ ಸೀಟಿನ ಮುದುಕ
"ಪ್ರಸಾದವೇನವ್ವ?" ಅಂದ.
ಖೇಡ್ ಘಾಟಿನ ತಿರುವು ಬಂತು.
ಎರಡೂ ಕೈಯಿಂದ ಹಿಡಿದುಕೊಂಡೆ.