ಇರುವೆ ಬಟ್ಟಲು

ಹುಳು ಸಾಕುತ್ತಿದ್ದ ಕಾಲದ ಸ್ಟ್ಯಾಂಡು ಇದು.
ನಾಲ್ಕು ಕಾಲಿಗೆ ನಾಲ್ಕು ಬಟ್ಟಲು, ಬಟ್ಟಲ ತುಂಬ ನೀರು.
ಆಗ ರೇಷ್ಮೆಹುಳಕ್ಕೆ ಇರುವೆ ಹತ್ತದಿರಲಿ ಅಂತ,
ಈಗ ನನ್ನ ಗುಲಾಬಿಗೆ.
ಅಮ್ಮ ಇವತ್ತಿಗೂ ಬೆಳಗೆದ್ದು ನೀರು ಬದಲಿಸುತ್ತಾಳೆ,
ನಾಲ್ಕನೇ ಜ್ವರಕ್ಕೆ ಮಲಗಿದ ಹುಳುಗಳ ಮುಂದೆ
ನಡೆಯುತ್ತಿದ್ದಳಲ್ಲ, ಅಷ್ಟೇ ಮೆತ್ತಗೆ ನಡೆದು.

ಮೊಟ್ಟೆ ಟ್ರೇಯ ಗುಳಿಗೊಂದು ಹೂವು.
ಪುಡಿ ಸಕ್ಕರೆ, ಚಿಟಿಕೆ ಗೋಂದು, ಡಾಲ್ಡಾ ಸವರಿದ ಅಂಗೈ.
ನಾದಿ ನಾದಿ ಕಿವಿಯ ಹಾಲೆಯಷ್ಟು ಮೆದುವಾದ ಮೇಲೆ
ಹಪ್ಪಳಕ್ಕಿಂತ ತೆಳ್ಳಗೆ ಲಟ್ಟಿಸಿ
ಅಂಚನ್ನು ಮಾತ್ರ ಇನ್ನಷ್ಟು ಒತ್ತಬೇಕು,
ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು.
ಒಂದು ಗುಲಾಬಿಗೆ ಇಪ್ಪತ್ತಮೂರು ಎಸಳು.
"ಹದಿನೈದು ಹಾಕು ಸಾಕು, ಯಾರು ಎಣಿಸ್ತಾರೆ?"
ಅನ್ನುತ್ತಾರೆ ಬೇಕರಿಯ ಪುಟ್ಟಸ್ವಾಮಣ್ಣ.
ನಾನಿದ್ದೇನಲ್ಲ, ಎಣಿಸುವುದಕ್ಕೆ.

ಮೋಡ ಮುಚ್ಚಿದರೆ ಹೂವು ಬೆವರುತ್ತವೆ.
ರಟ್ಟಿನ ಡಬ್ಬದೊಳಗೆ ಅರವತ್ತರ ಬಲ್ಬು ಉರಿಸುತ್ತೇನೆ.
ಕರೆಂಟು ಹೋದರೆ ಬೀಸಣಿಗೆ,
ಬೀಸಣಿಗೆಗೆ ತಮ್ಮ,
ತಮ್ಮನಿಗೆ ಐದು ರೂಪಾಯಿ.

ಅಪ್ಪ ಪಿಳ್ಳಪ್ಪ ಹೂವಿನ ಮಾರ್ಕೆಟ್ಟಲ್ಲಿ ತೂಕದವನು.
ಜಾವ ನಾಲ್ಕಕ್ಕೆ ಹೋಗಿ ಬಿಸಿಲೇರುವಾಗ ಬರುತ್ತಾನೆ,
ಕಾಲರಿನಲ್ಲಿ ಸೇವಂತಿಗೆಯ ಚೂರು.
"ಚಿಕ್ಕಬಳ್ಳಾಪುರದಲ್ಲಿ ಕೂತು
ಸಕ್ಕರೆಯಲ್ಲಿ ಹೂ ಮಾಡ್ತೀಯಲ್ಲಮ್ಮ,
ಟೆಂಪೋಗಟ್ಟಲೆ ಇಳೀತವೆ ಇಲ್ಲಿ,
ಕೆರೆಗೆ ನೀರು ಹೊತ್ತ ಹಂಗೆ"
ಅನ್ನುತ್ತಲೇ ಒಂದನ್ನೆತ್ತಿ ಅಂಗೈಯಲ್ಲೇ ತೂಗಿದ.
"ಎಷ್ಟು?"
"ಎಪ್ಪತ್ತು."
"ಕೆಜಿಗಾ?"
"ಒಂದಕ್ಕೆ."
ಆಮೇಲೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.
ಕಾಫಿ ಆರಿತು.

ಚಿಂತಾಮಣಿಗೆ, ಶಿಡ್ಲಘಟ್ಟಕ್ಕೆ, ಗೌರಿಬಿದನೂರಿಗೆ
ಹತ್ತಿಯೊಳಗೆ ಮಲಗಿಸಿ ಬಸ್ಸಿಗೆ ಹಾಕುತ್ತೇನೆ.
ಡಬ್ಬದ ಮೇಲೆ ಗಾಜು ಅಂತ ಬರೆದರೆ ಎಸೆಯುತ್ತಾರೆ,
ಪ್ರಸಾದ ಅಂತ ಬರೆದರೆ
ಕಂಡಕ್ಟರು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ.

ಕೇಕು ನನಗೆ ಕಾಣುವುದಿಲ್ಲ.
ಎಂಟು ಹೂವು, ಮೂರು ಮೊಗ್ಗು, ತಿಳಿ ಬಣ್ಣ, ಶುಕ್ರವಾರಕ್ಕೆ.
ಇಷ್ಟೇ ಬರುತ್ತದೆ ಫೋನಿನಲ್ಲಿ.
ಮದುವೆಯೋ ನಾಮಕರಣವೋ, ಕೇಳಿದವಳಲ್ಲ.

ಒಂದೇ ಒಂದು ಸಲ ಕಂಡೆ.
ಕಂದವಾರದಲ್ಲಿ ಹೆಡ್‌ಮೇಷ್ಟ್ರು ರಿಟೈರಾದ ದಿನ,
ಪೆಂಡಾಲಿನ ಕೆಳಗೆ, ಮೇಜಿನ ಮೇಲೆ, ಮೂರು ಅಂತಸ್ತು.
ನನ್ನ ಹೆಬ್ಬೆರಳಿನ ಉಗುರು ಸೀಳಿದೆ,
ಕೊನೆಯ ಎಸಳಿನ ಬುಡದಲ್ಲಿ ಅದರ ಗೀರು ಉಳಿಯುತ್ತದೆ.
ಗೀರು ನೋಡಿ ಗುರುತು ಹಿಡಿದೆ.
"ಫೌಜಿಯಾ ಎಷ್ಟು ಚೆಂದ ಹೂ ಮಾಡಿದ್ದಾಳೆ!" ಅಂದರು ಯಾರೋ.
ಫೌಜಿಯಾ ನನ್ನನ್ನು ನೋಡಿದಳು, ಚಾಕು ಹುಡುಕತೊಡಗಿದಳು.
ನಾನೂ ಚಪ್ಪಲಿಯ ಉಂಗುಷ್ಟ ಸರಿ ಮಾಡಿಕೊಂಡೆ.

ಕೊಯ್ಯುವ ಮೊದಲು ಹೂವು ಕಿತ್ತು ಪಕ್ಕಕ್ಕಿಟ್ಟರು.
ತಿನ್ನುವುದೋ ಬಿಡುವುದೋ ಯಾರಿಗೂ ಗೊತ್ತಿಲ್ಲ.
ಮೇಷ್ಟ್ರ ತಾಯಿ, ಬೋಳು ಹಣೆ, ಬೆಳ್ಳಿ ತುರುಬು,
ಒಂದನ್ನೆತ್ತಿ ಮೂಸಿ, ನಾಲಗೆ ತುದಿಗೆ ತಾಗಿಸಿ,
"ಸಕ್ಕರೆ" ಅಂತ ತನಗೇ ಹೇಳಿಕೊಂಡು
ತುರುಬಿಗೆ ಸಿಕ್ಕಿಸಿಕೊಂಡಳು.
ತಂತಿಯ ತೊಟ್ಟಿತ್ತಲ್ಲ, ಸಲೀಸಾಗಿ ನಿಂತಿತು.

ಸೊಸೆ ಬಾಯಿ ತೆರೆದು, ಮುಚ್ಚಿದಳು.
ತೋಟದ ಹೂವಾಗಿದ್ದರೆ ಏನೋ ಅನ್ನುತ್ತಿದ್ದಳು,
ಇದಕ್ಕೆ ಏನನ್ನಬೇಕು ಅಂತ ಶಾಸ್ತ್ರದಲ್ಲಿ ಇಲ್ಲ.
ಮೇಷ್ಟ್ರು ಕೇಕಿನ ಕಡೆಗೇ ನೋಡುತ್ತಿದ್ದರು.

ನಾನು ಹತ್ತಿರ ಹೋದೆ.
ನಾನೇ ಮಾಡಿದ್ದು ಅಂತ ಹೇಳುವುದಕ್ಕಲ್ಲ.
"ಅಜ್ಜೀ, ರಾತ್ರಿ ತೆಗೆದಿಡಿ, ಇರುವೆ ಹತ್ತುತ್ತವೆ" ಅಂದೆ.

ಅಜ್ಜಿ ಕೈ ಹಿಂದಕ್ಕೆ ಒಯ್ದು
ಒಂದೊಂದೇ ಎಸಳು ಮುಟ್ಟಿ ನೋಡಿದಳು,
ಮುರಿಯದ ಹಾಗೆ, ಎಣಿಸುವ ಹಾಗೆ.
"ಹತ್ತಲಿ ಬಿಡು ಅಮ್ಮಣ್ಣಿ" ಅಂದಳು.