ಲೂಸು

ನಿಟ್ಟುವಳ್ಳಿಯ ನನ್ನಂಗಡಿಯಲ್ಲಿ ದಿನಕ್ಕೆ
ಹತ್ತು ಸಲವಾದರೂ ಬೀಳುತ್ತದೆ ಈ ಮಾತು
ಮೇಜಿನ ಮೇಲೆ, ಚಾಕಿನ ಚೂರಿನ ಹಾಗೆ.
"ತೋಳು ಲೂಸಾತು, ಹಿಡೀರಿ."
"ಯೂನಿಫಾರ್ಮು ಲೂಸೇ ಇರ್ಲಿ, ಬೆಳೆಯೋ ಹುಡುಗ,
ಮುಂದಿನ ವರ್ಷಕ್ಕೂ ಬರ್ತತಿ."

ಹೊರಗೂ ಅದೇ.
ಚೌಕಿಪೇಟೆಯಲ್ಲಿ ಪ್ಯಾಕೆಟ್ಟು ಬೇಡವೆಂದರೆ ಎಣ್ಣೆ ಲೂಸು,
ನಾಲ್ಕು ಮಿರ್ಚಿ ಹೆಚ್ಚಾದ ಮರುದಿನ ಹೊಟ್ಟೆ ಲೂಸು.
ಚೀಲದ ಬಾಯಿದಾರ ಲೂಸಾಗಿ
ಮಂಡಕ್ಕಿ ಭಟ್ಟಿಯಿಂದ ಹೊರಟ ಗಾಡಿ
ರಸ್ತೆಯುದ್ದಕ್ಕೂ ಬಿಳಿ ಚೆಲ್ಲಿಕೊಂಡು ಹೋಗುತ್ತದೆ,
ಗುಬ್ಬಿಗಳು ಯಾರನ್ನೂ ಬಯ್ಯುವುದಿಲ್ಲ.

ಇಂಗ್ಲಿಷರು ಅದನ್ನು ಯಾವುದಕ್ಕೆ ಇಟ್ಟುಕೊಂಡಿದ್ದರೋ.
ನಾವು ಬಾಲಕ್ಕೊಂದು ಉಕಾರ ಹಚ್ಚಿ
ಮನುಷ್ಯರಿಗೂ ತೊಡಿಸಿದೆವು.
ನಮ್ಮ ಹಾಲೇಶನಿಗೆ ಓಣಿಯವರು ತೊಡಿಸಿದಾಗ
ಅವನಿಗೆ ಒಂಬತ್ತು.
ಅಳತೆ ಯಾರೂ ತೆಗೆದಿರಲಿಲ್ಲ.

ಈಗ ಮೂವತ್ತೊಂದು. ಗುಂಡಿಗಳನ್ನು ಬಣ್ಣವಾರು ಜೋಡಿಸಿ ಕೊಡುತ್ತಾನೆ.
ಕಾಜಾ ಮಾತ್ರ ಮಾಡುವುದಿಲ್ಲ,
ಒಳ್ಳೇ ಬಟ್ಟೆಗೆ ತೂತು ಹಾಕಬಾರದಂತೆ.

ಶ್ರಾವಣದ ಶುಕ್ರವಾರ, ಕುತ್ತಿಗೆಮಟ ಬ್ಲೌಸು.
ಹೊಸದಾಗಿ ಬಂದ ಬ್ಯಾಂಕಿನ ಮೇಡಂ
ಕಣ್ಣಲ್ಲೇ ಕೇಳಿದರು, ಯಾರಿವನು?
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಂದೆ:
"ನನ್ನ ತಮ್ಮ. ಸ್ವಲ್ಪ ಲೂಸು."

ಪಿನ್ನು ಬೀಳಲಿಲ್ಲ. ಮಾತು ಬಿತ್ತು.
ಹಾಲೇಶ ತಲೆಯೆತ್ತಿದ. ತನ್ನ ಪ್ಯಾಂಟಿನ ಸೊಂಟ ನೋಡಿಕೊಂಡ,
ಎರಡು ಬೆರಳು ತೂರಿಸಿ ಎಳೆದು ತೋರಿಸಿದ:
"ಹೌದ್ರೀ ಮೇಡಂ, ಲೂಸೇ ಐತಿ.
ಅಕ್ಕಗೆ ಟೈಮೇ ಸಿಕ್ಕಿಲ್ಲ ಹಿಡಿಯಾಕೆ."

ಅರ್ಥವಾಗದೆ ಅಂದನೋ,
ಅರ್ಥವಾಗಿಯೇ ನನ್ನ ಮಾನಕ್ಕೊಂದು ತೇಪೆ ಹಾಕಿದನೋ,
ಇಪ್ಪತ್ತು ವರ್ಷ ಹೊಲಿದ ಈ ಕೈಗೆ
ಆ ಹೊಲಿಗೆಯ ಒಳಮಗ್ಗುಲು ಇನ್ನೂ ಸಿಕ್ಕಿಲ್ಲ.

ರಾತ್ರಿ ಆ ಪ್ಯಾಂಟಿನ ಹೊಲಿಗೆ ಬಿಚ್ಚಿದೆ.
ಹಿಂಬದಿಯಲ್ಲಿ ಅವ್ವ ಮಡಚಿಟ್ಟ ಒಂದೂವರೆ ಇಂಚು.
ತಾನು ಹೋಗುವ ವರ್ಷ ಹೊಲಿದದ್ದು;
ಮಗ ಮೈದುಂಬಿದರೆ ಇರಲಿ ಅಂತ
ಯಾರಿಗೂ ಹೇಳದೆ ಬಿಟ್ಟ ಜಾಗ.
ಕತ್ತರಿಸಲು ಮನಸ್ಸಾಗದೆ ಬರೀ ಕಚ್ಚಾ ಹೊಲಿಗೆ ಹಾಕಿದೆ.

ಬೆಳಿಗ್ಗೆ ತೊಟ್ಟು ಬಂದು ಎದುರಿಗೆ ನಿಂತ,
ಹೊಟ್ಟೆ ಒಳಗೆಳೆದುಕೊಂಡು:
"ಅಕ್ಕಾ, ಈಗ ಟೈಟಾತು.
ಒಂಚೂರು ಲೂಸು ಮಾಡು."